‘ತೆಗೆಯುತ್ತಾಳೆ’ ಅಂದರೆ ಈಗಲಾ, ದಿನಾಲೂನಾ?

ಕತೆಯನ್ನು ಯಾವ ಕಾಲದಲ್ಲಿ ಬರೆಯಬೇಕು, ಯಾರ ಬಾಯಿಂದ ಹೇಳಿಸಬೇಕು? ಈ ಸಲದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ. ಹೋದ ಸಲವೂ ಇವೇ ಇದ್ದವು. ಭೂತಕಾಲ ಅಂದರೇನು ಅಂತ ಕೇಳಿದವರು ಶಾಲೆಯ ವ್ಯಾಕರಣ ಪುಸ್ತಕ ತೆಗೆದು ನೋಡಿ. ಉಳಿದವರಿಗೆ ಉತ್ತರ ಕೆಳಗಿದೆ.

ಪ್ರಶ್ನೆ: ವರ್ತಮಾನ ಕಾಲದಲ್ಲಿ ಬರೆದರೆ ಎಲ್ಲವೂ ಕಣ್ಣೆದುರೇ ನಡೆದ ಹಾಗಿರುತ್ತದೆ ಅಂತ ಒಂದು ಬರವಣಿಗೆ ಶಿಬಿರದಲ್ಲಿ ಹೇಳಿಕೊಟ್ಟರು. ಬರೆದಿಟ್ಟ ಕಾದಂಬರಿಯನ್ನೆಲ್ಲ ಹಾಗೆ ಬದಲಾಯಿಸಲಾ?

ಬೇಡ. ದುಡ್ಡು ಕೊಟ್ಟು ಕೇಳಿಸಿಕೊಂಡ ಸಲಹೆ ಅಂತ ಪಾಲಿಸಲೇಬೇಕು ಅಂತೇನಿಲ್ಲ.

ಇಂಗ್ಲಿಷಿಗೆ ಹೇಳಿದ ಮಾತನ್ನು ಹಾಗೇ ಕನ್ನಡಕ್ಕೆ ತಂದು ಕಲಿಸುವವರು ಒಂದು ವಿಷಯ ಮರೆಯುತ್ತಾರೆ. ‘ಗೌರಿ ಬಾಗಿಲು ತೆಗೆಯುತ್ತಾಳೆ’ ಅಂತ ಬರೆದಿರಿ. ಈಗ ತೆಗೆಯುತ್ತಿದ್ದಾಳಾ? ದಿನಾ ಅವಳೇ ತೆಗೆಯೋದಾ? ಅಥವಾ ‘ನೀನು ಹೋಗು, ಗೌರಿ ತೆಗೆಯುತ್ತಾಳೆ’ ಅನ್ನುವ ಹಾಗೆ ಇನ್ನು ಮುಂದೆ ತೆಗೆಯುವುದಾ? ನಮ್ಮಲ್ಲಿ ಮೂರಕ್ಕೂ ಒಂದೇ ರೂಪ ಸಾಕಾಗುತ್ತದೆ. ಮಾತಿನಲ್ಲಿ ತೊಂದರೆಯಿಲ್ಲ, ಸಂದರ್ಭದಿಂದ ಗೊತ್ತಾಗುತ್ತದೆ. ಕತೆಯ ಮೊದಲ ಸಾಲಿನಲ್ಲಿ ಸಂದರ್ಭ ಎಲ್ಲಿಂದ ಬರಬೇಕು? ಅದಕ್ಕೆ ಹೆದರಿ ಎಲ್ಲ ಕಡೆ ‘ತೆಗೆಯುತ್ತಿದ್ದಾಳೆ, ನೋಡುತ್ತಿದ್ದಾಳೆ, ನಡೆಯುತ್ತಿದ್ದಾಳೆ’ ಅಂತ ಹಾಕಿದರೆ ಕ್ರಿಕೆಟ್ ಕಾಮೆಂಟರಿ ಆಗುತ್ತದೆ. ‘ಗೌರಿ ಬಾಗಿಲು ತೆಗೆದಳು’ ಅನ್ನಿ. ಬಾಗಿಲು ತೆರೆದಾಯಿತು, ಓದುವವನೂ ಒಳಗೆ ಬಂದ. ಭೂತಕಾಲದಲ್ಲಿ ಬರೆದ ಕತೆಯನ್ನು ಯಾರೂ ‘ಇದು ಮುಗಿದು ಹೋದದ್ದು’ ಅಂದುಕೊಂಡು ಓದುವುದಿಲ್ಲ.

ನಿಜವಾಗಿ ಕೇಳಿಕೊಳ್ಳಬೇಕಾದದ್ದು ಬೇರೆ. ಕತೆ ಹೇಳುವವನು ಎಲ್ಲಿ ನಿಂತಿದ್ದಾನೆ? ಎಲ್ಲ ಮುಗಿದ ಮೇಲೆ ಕೂತು ಹೇಳುತ್ತಿದ್ದಾನಾ, ಮುಂದೇನಾಗುತ್ತದೋ ಗೊತ್ತಿಲ್ಲದೆ ಮಧ್ಯದಲ್ಲಿದ್ದಾನಾ? ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1852–53ರಲ್ಲಿ ಕಂತು ಕಂತಾಗಿ ಪ್ರಕಟಿಸಿದ ‘ಬ್ಲೀಕ್ ಹೌಸ್’ನಲ್ಲಿ ಎರಡೂ ಇವೆ. ಹೆಸರಿಲ್ಲದ ಒಬ್ಬ ನಿರೂಪಕ ವರ್ತಮಾನದಲ್ಲಿ ಹೇಳುತ್ತಾನೆ. ಎಸ್ತರ್ ಎಂಬ ಹುಡುಗಿ ವರ್ಷಗಳ ನಂತರ ತನ್ನ ಕತೆಯನ್ನು ಭೂತಕಾಲದಲ್ಲಿ ಬರೆಯುತ್ತಾಳೆ. ಹಾಗಾಗಿ ವರ್ತಮಾನದಲ್ಲಿ ಬರೆಯುವುದು ಮೊನ್ನೆ ಮೊನ್ನೆ ಬಂದ ಫ್ಯಾಶನ್ನೂ ಅಲ್ಲ.

ಕಾಲ ಬದಲಾಯಿಸಿದರೆ ಕಳೆದುಕೊಳ್ಳುವುದೇನು ಗೊತ್ತಾ? ಒಬ್ಬರು ಹೀಗೇ ಬದಲಾಯಿಸಿ ನನಗೆ ಕಳಿಸಿದ್ದರು. ‘ಅವಳು ಬಸ್ ಹತ್ತುತ್ತಾಳೆ. ನಾನು ಕೈ ಬೀಸುತ್ತೇನೆ. ಅವಳನ್ನು ನೋಡಿದ್ದು ಅದೇ ಕೊನೆ.’ ಈಗಷ್ಟೇ ಕೈ ಬೀಸುತ್ತಿರುವವನಿಗೆ ಅದೇ ಕೊನೆ ಅಂತ ಹೇಗೆ ಗೊತ್ತು? ಮೂಲದಲ್ಲಿ ‘ಹತ್ತಿದಳು, ಬೀಸಿದೆ’ ಅಂತಿತ್ತು. ಆ ಮೂರನೇ ಸಾಲು ಎದೆಗೆ ತಾಕುತ್ತಿತ್ತು. ಕತೆಯ ಅತ್ಯುತ್ತಮ ಸಾಲೇ ಸುಳ್ಳಾಗಿ ಹೋಯಿತು.

ವರ್ತಮಾನ ನಿಮಗೆ ಅಷ್ಟು ಇಷ್ಟ ಅಂದರೆ ಜನ ಮಾತಾಡುವುದನ್ನು ಕೇಳಿಸಿಕೊಳ್ಳಿ. ‘ರಾತ್ರಿ ಏನೋ ಸದ್ದಾಯ್ತು. ಎದ್ದೆ. ದೀಪ ಹಾಕಿ ನೋಡ್ತೀನಿ, ಹಾವು!’ ಎಲ್ಲ ಭೂತಕಾಲ, ಬೆಚ್ಚಿಬಿದ್ದ ಕ್ಷಣ ಮಾತ್ರ ವರ್ತಮಾನ. ಇದನ್ನು ಯಾವ ಶಿಬಿರವೂ ಕಲಿಸಲಿಲ್ಲ. ಇಡೀ ರಾತ್ರಿಯನ್ನು ‘ನೋಡ್ತೀನಿ’ಯಲ್ಲೇ ಹೇಳಿದ್ದರೆ ಹಾವಿಗೆ ಏನು ಉಳಿಯುತ್ತಿತ್ತು?

ಪ್ರಶ್ನೆ: ಪ್ರಥಮ ಪುರುಷದಲ್ಲಿ, ಅಂದರೆ ‘ನಾನು’ ಅಂತ ಬರೆದರೆ ಓದುಗ ಬೇಗ ಹತ್ತಿರವಾಗುತ್ತಾನೆ, ಅಲ್ವಾ?

ಮೊದಲು ಹೆಸರು ಸರಿ ಮಾಡಿಕೊಳ್ಳಿ. ‘ನಾನು’ ಉತ್ತಮ ಪುರುಷ. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ‘ಅವನು, ಅವಳು’. ಇಂಗ್ಲಿಷಿನ ಎಣಿಕೆ ತಂದು ಇದನ್ನು ತಿರುಗಾಮುರುಗಾ ಮಾಡಿದವರ ಮೇಲೆ ನನಗೆ ಹಳೇ ಸಿಟ್ಟಿದೆ.

ಇನ್ನು ಹತ್ತಿರದ ವಿಷಯ. ‘ರಘು ಸುಮ್ಮನಾದ. ತನಗೇನು ಇದೆಲ್ಲ ಗೊತ್ತಿಲ್ಲವಾ?’ ಇಲ್ಲಿ ‘ನಾನು’ ಇಲ್ಲವೇ ಇಲ್ಲ. ಆದರೆ ‘ತನಗೇನು’ ಅಂದ ಕೂಡಲೇ ರಘುವಿನ ತಲೆಯೊಳಗೆ ಇದ್ದೇವೆ. ‘ಎಂದು ಅವನು ಯೋಚಿಸಿದನು’ ಅಂತ ಸೇರಿಸಬೇಡಿ, ದಯವಿಟ್ಟು.

ಪ್ರಶ್ನೆ: ‘ನೀನು’ ಅಂತ ಇಡೀ ಕಾದಂಬರಿ ಬರೆಯಬಹುದಾ?

ಬರೆಯಬಹುದು. ಫ್ರೆಂಚಿನಲ್ಲಿ ಮಿಶೆಲ್ ಬ್ಯೂತೋರ್ 1957ರಲ್ಲೇ ‘ನೀವು’ ಅಂತ ಬರೆದಿದ್ದಾನೆ. ನಾಲ್ಕು ಪುಟ ಬರೆದು ಜೋರಾಗಿ ಓದಿಕೊಳ್ಳಿ. ಯಾರೋ ಬೈದ ಹಾಗೆ ಕೇಳಿಸಿದರೆ ಬಿಟ್ಟುಬಿಡಿ.

ಪ್ರಶ್ನೆ: ಒಂದೇ ಪ್ಯಾರಾದಲ್ಲಿ ಇಬ್ಬರ ಮನಸ್ಸಿನೊಳಗೆ ಹೋಗಬಾರದು ಅನ್ನುವುದು ನಿಯಮವಾ?

ನಿಯಮ ಅಲ್ಲ. ನಿಮ್ಮ ಕೈಲಿ ಆಗುತ್ತಾ ಅನ್ನುವುದಷ್ಟೇ ಪ್ರಶ್ನೆ. ಹೊಸಬರಾದರೆ ಬೇಡ.

ಪ್ರಶ್ನೆ: ನನ್ನ ಕತೆಯ ಮೊದಲ ಸಾಲು ಹೀಗಿದೆ: ‘ನಾನು ತಿರುಗಿ ನೋಡಿದೆ, ನನ್ನ ಕಣ್ಣುಗಳು ಕೆಂಪಾಗಿದ್ದವು.’ ಹೇಗಿದೆ?

ಕನ್ನಡಿ ಎಲ್ಲಿತ್ತು? ಕಣ್ಣು ಉರಿಯಿತು ಅನ್ನಿ, ಒಪ್ಪುತ್ತೇನೆ. ಕೆಂಪಾಗಿದ್ದನ್ನು ಎದುರಿಗೆ ನಿಂತವನು ಹೇಳಲಿ.