ಇಬ್ಬರೇ ಹೋಗೋಕೆ ಏಳು ಮೀಟರಿನ ಮೋಟಾರ್‌ಹೋಮ್ ಸರಿಯಾ? ಐದು ದಿನದಲ್ಲಿ ನಾರ್ತ್ ಕೋಸ್ಟ್ 500 ಮುಗಿಯುತ್ತಾ?

ನಿಮ್ಮ ಪ್ರಶ್ನೆ ಓದಿದ ತಕ್ಷಣ "ರೀ, ಇಲ್ಲಿ ಬನ್ನಿ, ಇದು ನಾವೇ ಬರೆದ ಹಾಗಿದೆ" ಅಂತ ಇವರನ್ನು ಕರೆದು ತೋರಿಸಿದೆ. ಗಂಡ ಹೆಂಡತಿ ಇಬ್ಬರೇ, ಐದು ದಿನ, ಸ್ಕಾಟ್ಲೆಂಡಿನ ಉತ್ತರ ಕಡಲತೀರ, ಆರಾಮವಾಗಿ ಮಲಗೋಕೆ ದೊಡ್ಡ ಗಾಡಿ. ಎಲ್ಲಾ ನಮ್ಮದೇ ಲೆಕ್ಕ.

ನಾವು ಹೋಗಿದ್ದು ಜೂನ್‌ನಲ್ಲಿ. ನಾರ್ತ್ ಕೋಸ್ಟ್ 500 ಅಂದರೆ ಇನ್ವರ್ನೆಸ್ ಊರಿಂದ ಹೊರಟು ಕಡಲತೀರ ಸುತ್ತಿ ಅಲ್ಲಿಗೇ ವಾಪಸ್ ಬರುವ ರಸ್ತೆ. ಇಡೀ ಸುತ್ತು 516 ಮೈಲಿ, ಅಂದರೆ ಸುಮಾರು 830 ಕಿ.ಮೀ. ಐದರಿಂದ ಭಾಗಿಸಿದರೆ ದಿನಕ್ಕೆ 166. ಮೂರು ಗಂಟೆ ಗಾಡಿ ಓಡಿಸೋದು, ಉಳಿದ ಹೊತ್ತು ಸಮುದ್ರ ನೋಡ್ತಾ ಕೂರೋದು ಅಂದುಕೊಂಡಿದ್ದೆವು. ಇನ್ವರ್ನೆಸ್‌ನಿಂದ ಪೂರ್ವದ ದಡ ಹಿಡಿದು ಜಾನ್ ಓ ಗ್ರೋಟ್ಸ್ ತಲುಪುವವರೆಗೆ ಆ ಲೆಕ್ಕ ಸರಿಯಾಗೇ ಇತ್ತು. ರಸ್ತೆ ಅಗಲವಾಗಿತ್ತು. ಡಂಕನ್ಸ್‌ಬಿ ಹೆಡ್‌ನಲ್ಲಿ ಸಮುದ್ರದೊಳಗೆ ಚೂಪಾಗಿ ನಿಂತ ಕಲ್ಲಿನ ಕಂಬಗಳನ್ನು ನೋಡ್ತಾ ಒಂದು ಗಂಟೆ ನಿಂತಿದ್ದೆವು. ಗಾಳಿಗೆ ಮಾತೇ ಕೇಳಿಸುತ್ತಿರಲಿಲ್ಲ.

ಉತ್ತರದ ದಡದಲ್ಲಿ ಪಶ್ಚಿಮಕ್ಕೆ ಹೋದ ಹಾಗೆ ರಸ್ತೆ ಬಹಳ ಕಡೆ ಒಂದೇ ಗಾಡಿಯಷ್ಟು ಅಗಲ ಆಗುತ್ತದೆ. ಅಲ್ಲಲ್ಲಿ ಬದಿಗೆ ಸ್ವಲ್ಪ ಜಾಗ ಮಾಡಿ 'ಪಾಸಿಂಗ್ ಪ್ಲೇಸ್' ಅಂತ ಬೋರ್ಡ್ ನೆಟ್ಟಿರುತ್ತಾರೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಬೇಕು. ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತು, ಬರುವವರು ಅದರೊಳಗೆ ಹಾದುಹೋಗೋಕೆ ಬಿಡಬೇಕು. ಹಿಂದಿನಿಂದ ಅವಸರದಲ್ಲಿ ಯಾರಾದರೂ ಬಂದರೂ ಹಾಗೇ ದಾರಿ ಬಿಡಬೇಕು. ಅಲ್ಲಿ ಜನ ಕೆಲಸಕ್ಕೆ, ಆಸ್ಪತ್ರೆಗೆ ಹೋಗುವ ದಾರಿ ಅದೇ. ಇನ್ನು ಲಾಖ್ ಎರಿಬಾಲ್ ಅಂತ ಒಂದು ಕೊಲ್ಲಿ ಇದೆ. ಸಮುದ್ರ ಒಳಗೆ ಸುಮಾರು 16 ಕಿ.ಮೀ. ನುಗ್ಗಿ ಬಂದಿದೆ. ಆಚೆ ದಡ ಕಣ್ಣೆದುರೇ ಇರುತ್ತದೆ, ಆದರೆ ಅಲ್ಲಿಗೆ ಹೋಗೋಕೆ ಪೂರ್ತಿ ಬಳಸಿ ಬರಬೇಕು. ಇಂಥ ರಸ್ತೆಯಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಅರ್ಥವೇ ಇಲ್ಲ. ಡರ್ನೆಸ್ ಊರು ಮುಟ್ಟಿದಾಗ ರಾತ್ರಿ ಊಟದ ಹೊತ್ತು ದಾಟಿತ್ತು, ಆದರೂ ಬೆಳಕಿತ್ತು. ಸ್ಮೂ ಗುಹೆ ನಾವಿದ್ದ ಜಾಗದಿಂದ ನಡೆದು ಹೋಗುವಷ್ಟು ಹತ್ತಿರ. ಒಳಗೆ ಜಲಪಾತವೇ ಬೀಳುತ್ತದೆ. ಅದನ್ನು ಬೆಳಿಗ್ಗೆ ಇಪ್ಪತ್ತು ನಿಮಿಷದಲ್ಲಿ ನೋಡಿ ಓಡಿದೆವು. ಯಾಕೆಂದರೆ ಮುಂದಿನ ರಾತ್ರಿಗೆ ಪಶ್ಚಿಮ ದಡದ ಲಾಕಿನ್ವರ್ ಊರಿನ ಹತ್ತಿರ ಬುಕ್ ಮಾಡಿ ದುಡ್ಡು ಕಟ್ಟಿದ್ದೆವು.

ಈಗ ತಪ್ಪಿನ ವಿಷಯ. ಮ್ಯಾಪ್ ಹಿಡಿದಿದ್ದವಳು ನಾನು, ತಪ್ಪೂ ನನ್ನದೇ. ಇದನ್ನು ಬಿಡಿಸಿ ಹೇಳ್ತೀನಿ.

ಈ ಸುತ್ತಿನಲ್ಲಿ ಆಪಲ್‌ಕ್ರಾಸ್‌ಗೆ ಹೋಗುವ ಬೆಲಾಖ್ ನ ಬಾ ಘಾಟಿ ಅಂದರೆ ಎಲ್ಲರೂ ಎಚ್ಚರಿಸುತ್ತಾರೆ. 626 ಮೀಟರ್ ಎತ್ತರ, ಹೇರ್‌ಪಿನ್ ತಿರುವು, ದೊಡ್ಡ ಗಾಡಿ ಬೇಡ ಅಂತ ಬುಡದಲ್ಲೇ ಬೋರ್ಡ್. ಅದನ್ನು ನಾವು ಮನೆಯಲ್ಲಿ ಪ್ಲ್ಯಾನ್ ಮಾಡುವಾಗಲೇ ಬಿಟ್ಟಿದ್ದೆವು. ಅದೊಂದನ್ನು ಬಿಟ್ಟರೆ ಅಪಾಯ ಮುಗಿಯಿತು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕೈಲೆಸ್ಕು ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ ಬಲಕ್ಕೆ ಬಿ869 ರಸ್ತೆ ಒಡೆಯುತ್ತದೆ. ಡ್ರಂಬೆಗ್ ಊರಿನ ಮೇಲೆ ಹಾದು ಸಮುದ್ರದ ಪಕ್ಕದಲ್ಲೇ ಲಾಕಿನ್ವರ್‌ಗೆ ಹೋಗುವ ದಾರಿ. ಮ್ಯಾಪಿನಲ್ಲಿ ನಾರ್ತ್ ಕೋಸ್ಟ್ 500ರ ಗೆರೆಯೂ ಅದರ ಮೇಲೇ ಇತ್ತು. ತಿರುವಿನಲ್ಲಿ ಕ್ಯಾರವಾನ್‌ಗಳಿಗೆ ಈ ದಾರಿ ಬೇಡ ಅಂತ ಬೋರ್ಡ್ ಇತ್ತು. ಇವರು ಗಾಡಿ ನಿಧಾನ ಮಾಡಿ "ಏನು ಮಾಡೋಣ?" ಅಂತ ಕೇಳಿದರು. ನಾನು "ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯೋದು. ನಮ್ಮದು ಮೋಟಾರ್‌ಹೋಮ್ ಅಲ್ವಾ, ಹೋಗಿ" ಅಂದೆ.

ಪದದ ಅರ್ಥ ನಾನು ಹೇಳಿದ್ದು ಸರಿಯೇ. ಬ್ರಿಟನ್‌ನಲ್ಲಿ ಕ್ಯಾರವಾನ್ ಅಂದರೆ ಎಳೆಯುವ ಗಾಡಿಯೇ. ಆದರೆ ಆ ಬೋರ್ಡ್ ಹೇಳುತ್ತಿದ್ದದ್ದು ಗಾಡಿಯ ಹೆಸರನ್ನಲ್ಲ, ರಸ್ತೆಯ ಗುಣವನ್ನ. ಅಲ್ಲಿ ಇಳಿಜಾರು ಕೆಲವು ಕಡೆ ನೂರಕ್ಕೆ 25ರಷ್ಟು. ಇಳಿದು ತಳ ಮುಟ್ಟಿದ ಕೂಡಲೇ ತಿರುವು, ತಿರುಗಿದ ಕೂಡಲೇ ಏರು. ನಮ್ಮಂಥ ಉದ್ದದ ಗಾಡಿಯಲ್ಲಿ ಹಿಂದಿನ ಚಕ್ರ ದಾಟಿ ಎರಡು ಮೀಟರಿಗಿಂತ ಜಾಸ್ತಿ ಭಾಗ ಸುಮ್ನೆ ಹೊರಗೆ ಚಾಚಿಕೊಂಡಿರುತ್ತದೆ. ಮೂತಿ ಏರು ಹತ್ತಿದಾಗ ಆ ಬಾಲ ಕೆಳಗಿಳಿದು ನೆಲಕ್ಕೆ ತಾಗುತ್ತದೆ. ಮೂತಿ ಎಡಕ್ಕೆ ತಿರುಗಿದರೆ ಬಾಲ ಬಲಕ್ಕೆ ಬೀಸುತ್ತದೆ. ಇಂಜಿನ್ ಎಷ್ಟು ಗಟ್ಟಿಯಾಗಿದ್ದರೂ ಇದಕ್ಕೆ ಪರಿಹಾರವಿಲ್ಲ. ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ "ನಮ್ಮ ಗಾಡಿ ಎಷ್ಟು ಉದ್ದ, ಎಷ್ಟು ಅಗಲ, ಈ ಬೋರ್ಡ್ ಯಾಕೆ ಹಾಕಿದ್ದಾರೆ?" ಅನ್ನೋದು. ಅದನ್ನು ಬಿಟ್ಟು "ಇದು ನಮಗಾ, ಅಲ್ವಾ?" ಅಂತ ಮಾತ್ರ ಕೇಳಿಕೊಂಡೆ.

ಡ್ರಂಬೆಗ್ ಊರು ಸಿಗುವ ಮೊದಲೇ ಒಂದು ಏರಿನಲ್ಲಿ ಹಿಂದಿನಿಂದ ಕರಕರ ಅಂತ ಸದ್ದು ಬಂತು. ಅದೇ ಹೊತ್ತಿಗೆ ಎದುರಿಗೆ ಮೂರು ಕಾರು. ಅವರಿಗೆ ಹಿಂದೆ ಹೋಗೋಕೆ ಜಾಗ ದೂರ, ನಮಗೇ ಹತ್ತಿರ. ನಾನು ಇಳಿದು ಹಿಂದೆ ನಿಂತು ಕೈಸನ್ನೆ ಮಾಡಿದೆ. ಗಾಡಿಯ ನಟ್ಟ ನಡು ಹಿಂದೆ ನಿಂತರೆ ಕನ್ನಡಿಯಲ್ಲಿ ಕಾಣೋದೇ ಇಲ್ಲ ಅನ್ನೋದು ನನಗೆ ಹೊಳೆಯಲಿಲ್ಲ. ನಾನು ನಿಲ್ಲಿಸಿ ಅಂತ ಕೂಗಿದ್ದು ಇವರಿಗೆ ಕೇಳಿಸಲಿಲ್ಲ. ಎಡಗಡೆ ಹಿಂಚಕ್ರ ಟಾರಿನ ಅಂಚು ದಾಟಿ ಮೆತ್ತನೆ ಮಣ್ಣಿಗೆ ಇಳಿದು ಕೂತಿತು.

ಮೂರು ಗಂಟೆ ಅಲ್ಲೇ. ನಮ್ಮ ಹಿಂದೆ, ಮುಂದೆ ಬಂದವರೆಲ್ಲಾ ವಾಪಸ್ ಹೋಗಬೇಕಾಯಿತು. ಕೊನೆಗೆ ಹತ್ತಿರದ ಹೊಲದವರೊಬ್ಬರು ಟ್ರ್ಯಾಕ್ಟರ್ ತಂದು ಎಳೆದರು, ದುಡ್ಡು ಕೊಟ್ಟರೆ ಬೇಡ ಅಂದರು. ಹಿಂದಿನ ಬಂಪರ್ ಸೀಳಿತ್ತು, ಬಚ್ಚಲು ನೀರಿನ ಪೈಪ್ ಮುರಿದಿತ್ತು. ಬಾಡಿಗೆ ಗಾಡಿಗೆ ಕಟ್ಟಿದ್ದ ನಮ್ಮ ಠೇವಣಿಯಿಂದ 1,200 ಪೌಂಡ್ ಹೋಯಿತು. ಇವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಕಷ್ಟವಾಯಿತು. ರಾತ್ರಿ ನಾನೇ ಅತ್ತೆ. "ನಾನೂ ಬೋರ್ಡ್ ಓದಿದ್ದೆ ಅಲ್ವಾ" ಅಂದರು ಅಷ್ಟೇ.

ನೋವಿನ ವಿಷಯ ಏನೆಂದರೆ ಆಚೆ ಒಳ್ಳೆ ದಾರಿ ಇತ್ತು. ನಾವು ಬರುತ್ತಿದ್ದ ಎ894 ರಸ್ತೆಯಲ್ಲೇ ನೇರ ಮುಂದೆ ಹೋಗಿ ಎ837 ಹಿಡಿದರೆ ಲಾಖ್ ಅಸಿಂಟ್ ಸರೋವರದ ದಡದಲ್ಲೇ ಲಾಕಿನ್ವರ್ ಬರುತ್ತದೆ. ದೂರವೂ ಕಮ್ಮಿ. ಎ837 ಸೇರುವಲ್ಲಿ ಎಡಕ್ಕೆ ಸ್ವಲ್ಪ ಹೋದರೆ ನೀರಿನಂಚಿಗೆ ಆರ್ಡ್‌ವ್ರೆಕ್ ಕೋಟೆಯ ಪಾಳು ಗೋಡೆ ಬೇರೆ ಸಿಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಐದು ದಿನದಲ್ಲಿ ಮುಗಿಯುತ್ತಾ ಅಂತ ಕೇಳಿದ್ದೀರಿ. ಅದನ್ನು ಮುಗಿಸೋದೇ ಬೇಡ. ಐದೇ ದಿನ ಇದ್ದರೆ ಪೂರ್ವದ ದಡ ಪೂರ್ತಿ ಬಿಡಿ. ಇನ್ವರ್ನೆಸ್‌ನಿಂದ ಎ835 ಹಿಡಿದು ಸೀದಾ ಉಲ್ಲಾಪೂಲ್‌ಗೆ ಹೋಗಿ, ಆ ರಸ್ತೆ ಚೆನ್ನಾಗಿದೆ. ಅಲ್ಲಿಂದ ಲಾಖ್ ಅಸಿಂಟ್, ಕೈಲೆಸ್ಕು, ಡರ್ನೆಸ್. ಡರ್ನೆಸ್‌ನಲ್ಲಿ ಎರಡು ರಾತ್ರಿ ಇರಿ. ಬಂದ ದಾರಿಯಲ್ಲೇ ವಾಪಸ್ ಬನ್ನಿ. ಅದೇ ರಸ್ತೆ ಎರಡನೇ ಸಲ ಬೇಜಾರಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಬೆಟ್ಟಗಳು ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು ಬಣ್ಣ.

ಗಾಡಿ ಆರು ಮೀಟರ್ ಒಳಗಿರಲಿ, ವ್ಯಾನ್ ಆಕಾರದ್ದು. ಏಳು ಮೀಟರ್ ಬೇಡವೇ ಬೇಡ. ಹಾಸಿಗೆ ಸ್ವಲ್ಪ ಇಕ್ಕಟ್ಟಾಗುತ್ತೆ, ಆಗಲಿ. ಅಗಲ ಅಳೆಯುವಾಗ ಎರಡೂ ಕಡೆ ಕನ್ನಡಿ ಸೇರಿಸಿ ಅಳೆದು, ಉದ್ದ, ಎತ್ತರದ ಜೊತೆ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿ. ಮೊದಲ ದಿನ ಖಾಲಿ ಮೈದಾನದಲ್ಲಿ ಇಬ್ಬರೂ ರಿವರ್ಸ್ ಅಭ್ಯಾಸ ಮಾಡಿ. ಇಳಿದವರು ಕನ್ನಡಿಯಲ್ಲಿ ಕಾಣುವ ಕಡೆಯೇ ನಿಲ್ಲಬೇಕು. ಕಾಣದೆ ಹೋದರೆ ಓಡಿಸುವವರು ತಕ್ಷಣ ನಿಲ್ಲಿಸಬೇಕು.

ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂತಲೂ ಬರೆದಿದ್ದೀರಿ. ಹಾಗಿಲ್ಲ. ಸ್ಕಾಟ್ಲೆಂಡಿನ 2003ರ ಭೂ ಸುಧಾರಣಾ ಕಾಯ್ದೆ ಟೆಂಟ್ ಹಾಕುವವರಿಗೆ ಕೊಟ್ಟ ಹಕ್ಕು ಮೋಟಾರು ಗಾಡಿಗೆ ಇಲ್ಲ. ಪಾಸಿಂಗ್ ಪ್ಲೇಸ್‌ನಲ್ಲಂತೂ ಫೋಟೋ ತೆಗೆಯೋಕೂ ನಿಲ್ಲಿಸಬೇಡಿ. ಕ್ಯಾಂಪ್‌ಸೈಟ್ ಮೊದಲೇ ಬುಕ್ ಮಾಡಿ, ಟಾಯ್ಲೆಟ್ ಡಬ್ಬಿ ಅಲ್ಲೇ ಖಾಲಿ ಮಾಡಿ.

ಯಾವ ತಿಂಗಳು ಅಂತ ನೀವು ಬರೆದಿಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಿಡ್ಜ್ ಅನ್ನೋ ಸಣ್ಣ ನೊಣ ಮುತ್ತುತ್ತದೆ, ಗಾಳಿ ಬೀಸಿದರೆ ಮಾತ್ರ ಇರಲ್ಲ. ಹಾಗಾಗಿ ಜಾಗ ಆರಿಸುವಾಗ ಮರದ ಮರೆ ಬೇಡ, ಸಮುದ್ರದ ಗಾಳಿ ಬರುವ ದಿಬ್ಬವೇ ಇರಲಿ. ತಿಂಗಳು ತಿಳಿಸಿ, ನಾವು ಉಳಿದುಕೊಂಡ ಜಾಗಗಳಲ್ಲಿ ಯಾವುದು ನಿಮಗೆ ಸರಿ ಅಂತ ಇವರನ್ನೂ ಕೇಳಿ ಬರೆಯುತ್ತೇನೆ.