ಬೆಳೆ ಹೋಯಿತು, ಬ್ಯಾಂಕ್ ಗಡುವು ಬಂತು: ಕೈಸಾಲ ತಂದು ರಿನ್ಯೂವಲ್ ಮಾಡಿಸಲಾ, ಹೊಲ ಮಾರಲಾ?

ಎರಡೂ ಬೇಡ. ಕೈಸಾಲ ತಂದು ಬ್ಯಾಂಕಿಗೆ ಕಟ್ಟಬೇಡಿ. ಹೊಲ ಅಂತೂ ಮಾರಲೇಬೇಡಿ. ಮಳೆ ಇಲ್ಲದೆ ಬೆಳೆ ಹೋಗಿದೆ, ಗಡುವಿಗೆ ಇನ್ನು ಸ್ವಲ್ಪ ದಿನ ಇದೆ, ರಾತ್ರಿ ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಓದುತ್ತಾ ಎದೆ ಹಿಂಡಿದ ಹಾಗಾಯಿತು. ಇದೇ ಜಾಗದಲ್ಲಿ ನಾನೂ ನಿಂತಿದ್ದೆ.

ನಮ್ಮದು ಗದಗ ಜಿಲ್ಲೆ. ಎರೆ ಹೊಲ, ಬೋರ್‌ವೆಲ್ ಇಲ್ಲ, ಪೂರ್ತಿ ಮಳೆ ನಂಬಿದ ಬೇಸಾಯ. 2023ರ ಮುಂಗಾರಿಗೆ ಹೆಸರು, ಗೋವಿನಜೋಳ ಹಾಕಿದ್ದೆ. ಜೂನ್ ಒಣಗಿತು, ಜುಲೈನಲ್ಲಿ ಒಂದೇ ಸಮನೆ ಸುರಿಯಿತು, ಆಗಸ್ಟ್‌ನಲ್ಲಿ ಮೋಡ ಬಂದು ಹಾಗೇ ಹೋಯಿತು. 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಹೆಸರು ಕಾಯಿ ಕಟ್ಟುವ ಹೊತ್ತಿಗೆ ಸುಟ್ಟುಹೋಯಿತು. ಗೋವಿನಜೋಳ ಸೊಂಟದೆತ್ತರ ಬೆಳೆದು ತೆನೆ ಬಿಡಲಿಲ್ಲ, ದನಕ್ಕೆ ಹಾಕಿದೆವು. ಸೆಪ್ಟೆಂಬರ್ ಮಧ್ಯದಲ್ಲಿ ಸರ್ಕಾರ ಬರ ಘೋಷಿಸಿತು. ಮುಂದೆ ಆ ಪಟ್ಟಿ ಬೆಳೆದು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಅದರಲ್ಲಿ ಸೇರಿದವು. ನಮ್ಮದೂ ಇತ್ತು.

ಆ ವರ್ಷ ಯಾರು ಏನು ಹಾಕಿದ್ದರೂ ಹೋಗುತ್ತಿತ್ತು, ಅದರಲ್ಲಿ ನನ್ನ ತಪ್ಪಿಲ್ಲ. ತಪ್ಪಾದದ್ದು ಆಮೇಲೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಮಾಡಲು ಹೊರಟಿರುವುದು ಅದನ್ನೇ.

ಬ್ಯಾಂಕಿನಲ್ಲಿ ನನ್ನದು ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ, 1,80,000 ರೂಪಾಯಿ. ಬಡ್ಡಿ ಶೇಕಡಾ 7. ಗಡುವಿನೊಳಗೆ ಕಟ್ಟಿದರೆ ಶೇಕಡಾ 3 ರಿಯಾಯಿತಿ, ಅಂದರೆ ಕೊನೆಗೆ ಬೀಳುವುದು 4. ಪ್ರತಿ ವರ್ಷ ಕಟ್ಟಿ ಮತ್ತೆ ತೆಗೆಯುತ್ತಿದ್ದೆ. ಆ ಸಲ ಕೈಯಲ್ಲಿ ಏನೂ ಇರಲಿಲ್ಲ. ಊರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಮಾಲು ಹಾಕುತ್ತಿದ್ದ ದಲಾಲಿ ಅಂಗಡಿಗೆ ಹೋಗಿ, "ಒಂದು ವಾರದ ಮಟ್ಟಿಗೆ ಕೊಡ್ರಿ ಸಾಹುಕಾರ್ರೆ, ರಿನ್ಯೂವಲ್ ಆದ ಕೂಡ್ಲೆ ತಂದು ಮುಟ್ಟಿಸ್ತೀನಿ" ಅಂದೆ. ಕೊಟ್ಟರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಒಂದು ವಾರ ತಾನೆ ಅಂತ ಬಡ್ಡಿ ಬಗ್ಗೆ ಯೋಚನೆ ಮಾಡಲೇ ಇಲ್ಲ.

ಬ್ಯಾಂಕಿಗೆ ಪೂರ್ತಿ ಕಟ್ಟಿದೆ. ಆಮೇಲೆ ರಿನ್ಯೂವಲ್ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಹೊಲ ವಾರಸುದಾರರ ಹೆಸರಿಗೆ ಮಾಡಿಸಿದ ಪೌತಿ ಖಾತೆಯಲ್ಲಿ ಅಕ್ಕಂದಿರ ಹೆಸರೂ ಸೇರಿತ್ತು. ಹಳೆಯ ಮ್ಯಾನೇಜರ್ ಅದನ್ನು ಕೇಳಿರಲಿಲ್ಲ. ಹೊಸದಾಗಿ ಬಂದವರು ಎಲ್ಲರ ಸಹಿ ಬೇಕು ಅಂದರು. ಅಕ್ಕಂದಿರು ಬಂದು ಸಹಿ ಹಾಕಿದರೆ, ಒಬ್ಬರ ಆಧಾರ್‌ನಲ್ಲಿ ಹೆಸರೇ ಬೇರೆ. ಅದು ಸರಿಯಾಗುವ ಹೊತ್ತಿಗೆ ಹಿಂಗಾರಿ ಕಡಲೆ ರಾಶಿಯೂ ಮುಗಿದಿತ್ತು. ಕೊನೆಗೆ ನನ್ನ ಪಾಲಿನ ಹೊಲಕ್ಕೆ ಮಾತ್ರ ಅಂತ 80,000 ಮಂಜೂರಾಯಿತು. ಉಳಿದ ಒಂದು ಲಕ್ಷ ಸಾಹುಕಾರರ ಹತ್ತಿರವೇ ಉಳಿಯಿತು, ಬಡ್ಡಿ ಸಮೇತ.

ಲೆಕ್ಕ ನೋಡಿ. 1,80,000ಕ್ಕೆ ಬ್ಯಾಂಕಿನಲ್ಲಿ ರಿಯಾಯಿತಿ ತಪ್ಪಿದ್ದರೂ ವರ್ಷದ ಬಡ್ಡಿ 12,600 ರೂಪಾಯಿ. ಅದೇ ದುಡ್ಡಿಗೆ ನೂರಕ್ಕೆ ಮೂರರಂತೆ ತಿಂಗಳಿಗೆ 5,400, ವರ್ಷ ಹಿಡಿದರೆ 64,800. ಶೇಕಡಾ 7ರ ಸಾಲವನ್ನು ನಾನೇ ಕೈಯಾರೆ ಶೇಕಡಾ 36ರ ಸಾಲವಾಗಿ ಬದಲಾಯಿಸಿಕೊಂಡಿದ್ದೆ. ಸಾಲ ಒಂದು ರೂಪಾಯಿ ಕಡಿಮೆ ಆಗಲಿಲ್ಲ.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಬರ ಘೋಷಣೆಯಾದ ಕಡೆ ಬೆಳೆ ನಷ್ಟ ಶೇಕಡಾ 33 ದಾಟಿದರೆ ಬೆಳೆ ಸಾಲವನ್ನು ಅವಧಿ ಸಾಲವಾಗಿ, ಅಂದರೆ ಕಂತಿನಲ್ಲಿ ತೀರಿಸುವ ಸಾಲವಾಗಿ, ಬದಲಾಯಿಸಿಕೊಡಲು ರಿಸರ್ವ್ ಬ್ಯಾಂಕಿನ ನಿಯಮವೇ ಇತ್ತು. ನಷ್ಟ 33ರಿಂದ 50ರೊಳಗಿದ್ದರೆ ಎರಡು ವರ್ಷದವರೆಗೆ, ಅದಕ್ಕಿಂತ ಜಾಸ್ತಿ ಇದ್ದರೆ ಐದು ವರ್ಷದವರೆಗೆ ಕಂತು. ಮೊದಲ ವರ್ಷ ಕಂತೇ ಇಲ್ಲ. ಮೇಲಿಂದ ಹೊಸ ಬೆಳೆ ಸಾಲಕ್ಕೂ ಅವಕಾಶ. ನಮ್ಮ ಪಕ್ಕದ ಹೊಲದವರು ಏನೂ ಕಟ್ಟದೆ, ಗಡುವು ಮೀರುವ ಮೊದಲೇ ಬ್ಯಾಂಕಿಗೆ ಹೋಗಿ ಅರ್ಜಿ ಬರೆದುಕೊಟ್ಟರು. ಅವರದ್ದು ಕಂತಾಯಿತು. ನಾನು ಹೋದಾಗ, "ನಿಮ್ಮ ಖಾತೆಯಲ್ಲಿ ಬಾಕಿನೇ ಇಲ್ವಲ್ಲ, ಯಾವುದನ್ನ ಕಂತು ಮಾಡ್ಲಿ?" ಅಂದರು. ಬರ ಘೋಷಣೆ ಆಗಿ ಕೆಲವೇ ದಿನಕ್ಕೆ ಆತುರಪಟ್ಟು ಕಟ್ಟಿದ್ದೆ. ಹತ್ತು ದಿನ ಸುಮ್ನೆ ಕೂತಿದ್ದು, ಒಂದು ಸಲ ಬ್ಯಾಂಕಿನ ಒಳಗೆ ಹೋಗಿ ಬಾಯಿ ಬಿಟ್ಟು ಕೇಳಿದ್ದರೆ ಸಾಕಿತ್ತು.

ಯಾಕೆ ಕೇಳಲಿಲ್ಲ? ನಾಚಿಕೆ. ಬ್ಯಾಂಕಿನಲ್ಲಿ "ಕಟ್ಟೋಕೆ ಆಗಲ್ಲ" ಅನ್ನುವುದಕ್ಕಿಂತ ಸಾಹುಕಾರರ ಮುಂದೆ ಕೈ ಒಡ್ಡುವುದು ಸುಲಭ ಅನಿಸಿತು. ನೀವೂ "ನೋಟಿಸ್ ಬಂದ್ರೆ ಊರಲ್ಲಿ ಮಾನ ಹೋಗುತ್ತೆ" ಅಂತ ಬರೆದಿದ್ದೀರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ಬರಲಿಲ್ಲ ಅನ್ನುವುದು ನಿಮ್ಮ ಮಾನದ ಪ್ರಶ್ನೆ ಹೇಗಾಗುತ್ತದೆ? ನನ್ನ ಮನೆ ಬಾಗಿಲಿಗೆ ಬಂದು ನಿಂತವರು ಬ್ಯಾಂಕಿನವರಲ್ಲ. ಸಾಹುಕಾರರ ಕಡೆಯ ಹುಡುಗರು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಬಂದು ಕಟ್ಟೆ ಮೇಲೆ ಕೂರುತ್ತಿದ್ದರು.

ಹೊಲ ಹರಾಜಾಗುತ್ತದೆ ಅನ್ನುವ ನಿಮ್ಮ ಭಯಕ್ಕೂ ಒಂದು ಮಾತು. ಬ್ಯಾಂಕುಗಳು ಮನೆ, ಅಂಗಡಿ ಜಪ್ತಿ ಮಾಡಲು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಬೇರೆ ಕಾನೂನಿನ ದಾರಿ ಇದೆ, ಆದರೆ ಅದು ಉದ್ದ. ಅಲ್ಪಾವಧಿ ಬೆಳೆಯ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗುವುದೂ ಎರಡು ಹಂಗಾಮು ಬಾಕಿ ಉಳಿದ ಮೇಲೆ. ಹಾಗಂತ ಅರ್ಜಿ ಕೊಡದೆ ಗಡುವು ಮೀರಲು ಬಿಡಬೇಡಿ. ನನ್ನ ವರ್ಷದ ನಿಯಮದಲ್ಲಿ, ವಿಪತ್ತು ಬಂದಾಗಲೇ ಸುಸ್ತಿಯಾಗಿದ್ದ ಸಾಲಕ್ಕೆ ಕಂತಿನ ಅನುಕೂಲ ಇರಲಿಲ್ಲ. ಹಾಗಾಗಿ ನಿಮ್ಮ ತಾಲ್ಲೂಕು ಬರದ ಪಟ್ಟಿಯಲ್ಲಿದೆಯಾ, ಈಗಿನ ನಿಯಮ ಏನು ಅಂತ ಈ ವಾರವೇ ಶಾಖೆಯಲ್ಲಿ ಕೇಳಿ.

ಒತ್ತಡ ತಡೆದುಕೊಳ್ಳುವುದು ಹೇಗೆ ಅಂತಲೂ ಕೇಳಿದ್ದೀರಿ. ಧ್ಯಾನ, ವಾಕಿಂಗ್ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಅವು ಯಾವುವೂ ಹತ್ತಲಿಲ್ಲ. ನಿದ್ದೆ ಬಂದಿದ್ದು ಹೆಂಡತಿಗೆ ಎಲ್ಲ ಹೇಳಿದ ದಿನ. ಅಲ್ಲಿಯವರೆಗೆ ಕೈಸಾಲದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದೆ. ಅವಳು ಬೇರೆ ಏನೋ ಅಂದುಕೊಂಡು ಒಳಗೇ ಕೊರಗುತ್ತಿದ್ದಳು. ಹೇಳಿದ ಮೇಲೆ ಅತ್ತಳು, ಬೈದಳು. ಆಮೇಲೆ ಮಗಳ ನೋಟ್‌ಬುಕ್ಕಿನ ಹಾಳೆ ತೆಗೆದು "ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಒಂದೊಂದೇ ಹೇಳ್ರಿ, ಬರೀತೀನಿ" ಅಂದಳು. ಗೊಬ್ಬರದ ಅಂಗಡಿ, ಸಂಘದ ಕಂತು, ಸಾಹುಕಾರರು, ಬ್ಯಾಂಕು. ತಲೆಯಲ್ಲಿ ಬೆಟ್ಟದ ಹಾಗಿದ್ದದ್ದು ಹಾಳೆ ಮೇಲೆ ನಾಲ್ಕು ಸಾಲಾಯಿತು. ಯಾವುದನ್ನು ಮೊದಲು ಮುರಿಯಬೇಕು ಅನ್ನುವುದೂ ಕಣ್ಣಿಗೆ ಕಂಡಿತು.

ಅವಳ ಬಂಗಾರ ಬ್ಯಾಂಕಿನಲ್ಲಿ ಇಟ್ಟು ಕೃಷಿ ಚಿನ್ನದ ಸಾಲ ತೆಗೆದೆವು, ಬಡ್ಡಿ ವರ್ಷಕ್ಕೆ ಒಂಬತ್ತರ ಆಸುಪಾಸು. ಸಾಹುಕಾರರ ಸಾಲ ಒಂದೇ ಸಲಕ್ಕೆ ತೀರಿತು. ಮನೆಯಲ್ಲಿ ಬಂಗಾರ ಇದ್ದು ನೂರಕ್ಕೆ ಮೂರರ ಬಡ್ಡಿ ಕಟ್ಟುವುದು ದೊಡ್ಡ ತಪ್ಪು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಬಹುದು. ಮಾರಿದ ಹೊಲ ವಾಪಸ್ ಬರುವುದಿಲ್ಲ, ಅದೂ ಬರದ ವರ್ಷದಲ್ಲಿ ಕೊಳ್ಳುವವರು ಹೇಳಿದ್ದೇ ರೇಟು. ಆ ಬೇಸಿಗೆ ಇಬ್ಬರೂ ನರೇಗಾ ಕೆಲಸಕ್ಕೆ ಹೋದೆವು. ಮೊದಲು ದಿನಕ್ಕೆ 316 ರೂಪಾಯಿ, ಏಪ್ರಿಲ್‌ನಿಂದ 349. ಹೊಲ ಇದ್ದವರು ಕೂಲಿಗೆ ಬಂದರು ಅಂತ ಒಂದಿಬ್ಬರು ಅಂದರು. ಅಂದುಕೊಳ್ಳಲಿ. ಕಿರಾಣಿ ಖರ್ಚು ಅದರಲ್ಲೇ ನಡೆಯಿತು.

ಬೆಳೆ ವಿಮೆ ಕಟ್ಟಿದ್ದೀನಿ, ಅದು ಬಂದರೆ ಎಲ್ಲ ಸರಿಹೋಗುತ್ತೆ ಅಂತ ಬರೆದಿದ್ದೀರಿ. ಬರಲಿ, ಆದರೆ ಅದನ್ನು ನಂಬಿ ಯಾರಿಗೂ ತಾರೀಖು ಕೊಡಬೇಡಿ. ಫಸಲ್ ಬಿಮಾದಲ್ಲಿ ಬರದ ನಷ್ಟ ಲೆಕ್ಕ ಹಾಕುವುದು ನಿಮ್ಮ ಹೊಲ ನೋಡಿ ಅಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಉಳಿದವಕ್ಕೆ ಹೋಬಳಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಅದು ನಿಗದಿ ಇಳುವರಿಗಿಂತ ಕಡಿಮೆ ಇದ್ದರೆ ಮಾತ್ರ ಹಣ. ನನಗೂ ಬಂತು, ತುಂಬಾ ತಡವಾಗಿ. ಈಗ ನೀವು ನೋಡಬೇಕಾದದ್ದು ಒಂದೇ: ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ? ವಿಮೆ ಹೆಸರು ಬೆಳೆಗೆ ಕಟ್ಟಿ, ಸಮೀಕ್ಷೆಯಲ್ಲಿ ಹತ್ತಿ ಅಂತಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಆಲಿಕಲ್ಲು ಬೀಳುವುದು, ಹೊಲದಲ್ಲಿ ನೀರು ನಿಲ್ಲುವುದು, ಇಂಥ ನಷ್ಟಕ್ಕಾದರೆ ನಿಮ್ಮ ಹೊಲವನ್ನೇ ನೋಡುತ್ತಾರೆ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು, 14447ಕ್ಕೆ ಫೋನ್ ಮಾಡಬಹುದು.

ಸರ್ಕಾರದ ಬರ ಪರಿಹಾರವೂ ಅಷ್ಟೇ, ಬರುತ್ತದೆ, ಆದರೆ ಸಣ್ಣದು. ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನವರೆಗೆ. 2024ರ ಜನವರಿಯಲ್ಲಿ ಮೊದಲ ಕಂತು ಅಂತ 2,000, ಉಳಿದದ್ದು ಮೇ ಹೊತ್ತಿಗೆ. ಫ್ರೂಟ್ಸ್ ಐಡಿಯಲ್ಲಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿವೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿಕೊಳ್ಳಿ. ಆ ಹಣವನ್ನು ಬ್ಯಾಂಕಿನವರು ಸಾಲಕ್ಕೆ ಜಮಾ ಮಾಡಿಕೊಂಡರೆ ಸುಮ್ಮನಿರಬೇಡಿ. ಆ ವರ್ಷ ಹಾಗೆ ಮಾಡಬಾರದು ಅಂತ ಜಿಲ್ಲಾಧಿಕಾರಿಗಳೇ ಸೂಚನೆ ಕೊಟ್ಟಿದ್ದರು.

ಈಗಾಗಲೇ ಎಲ್ಲಾದರೂ ಕೈಸಾಲ ತಂದಿದ್ದು, ಅವರು ಮನೆಗೆ ಬಂದು ಕಾಟ ಕೊಡುತ್ತಿದ್ದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಬಲವಂತದ ವಸೂಲಿ ತಡೆಯಲು ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ನನ್ನ ಕಾಲಕ್ಕೆ ಅದಿರಲಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ "ಇದೆಲ್ಲ ಮುಗಿಸಿಬಿಡೋಣ ಅನಿಸುತ್ತೆ" ಅಂತ ಒಂದು ಸಾಲಿದೆ. ಅದನ್ನು ನಾನು ಸುಮ್ನೆ ದಾಟಿ ಹೋಗಲಾರೆ. ಆ ಯೋಚನೆ ನನಗೂ ಬಂದಿತ್ತು. ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯಲ್ಲೂ ಒಬ್ಬರಿಗೆ ಈ ಮಾತು ಹೇಳಿ. ಹೆಂಡತಿ, ಅಣ್ಣ, ಅಮ್ಮ, ಯಾರಾದರೂ ಸರಿ, ಇವತ್ತು ರಾತ್ರಿ ಮಲಗುವ ಮುಂಚೆ.

ಬ್ಯಾಂಕಿಗೆ ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ. ಪಾಸ್‌ಬುಕ್, ಪಹಣಿ, ಒಣಗಿದ ಬೆಳೆಯ ಫೋಟೋ ಇಟ್ಟುಕೊಳ್ಳಿ. "ಬರದಿಂದ ಬೆಳೆ ನಷ್ಟವಾಗಿದೆ, ಬೆಳೆ ಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಿಕೊಡಿ" ಅಂತ ಅರ್ಜಿ ಎರಡು ಪ್ರತಿ ಬರೆಯಿರಿ. ಬಾಯಿಮಾತಿನಲ್ಲಿ "ನೋಡೋಣ" ಅಂದರೆ ಎದ್ದು ಬರಬೇಡಿ. ಒಂದು ಪ್ರತಿ ಅವರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳಿ. ಶಾಖೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಅದೇ ಅರ್ಜಿ ಕೊಡಿ. ಗಡುವು ಯಾವ ತಾರೀಖು ಅಂತ ನೀವು ಬರೆದಿಲ್ಲ. ತಿಳಿಸಿ, ಅರ್ಜಿ ಬರೆಯಲು ಬೇಕಿದ್ದರೆ ನಾನೇ ಸಹಾಯ ಮಾಡುತ್ತೇನೆ.