ಓದುಗರ ಪ್ರಶ್ನೆ: ಸೊಸೈಟಿ ಸಭೆಯಲ್ಲಿ ವಾದ ಮಂಡಿಸುವುದು

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ಕೇಳಿದೆ. ನಮ್ಮದು ಕೊನೆಯ ಮಹಡಿ, ಗೋಡೆಯೆಲ್ಲ ಒದ್ದೆ. ಫೋಟೊ ತೋರಿಸಿ ಹತ್ತು ನಿಮಿಷ ಮಾತಾಡಿದರೂ ಠರಾವು ಬಿದ್ದುಹೋಯಿತು. ಎಲ್ಲಿ ತಪ್ಪಿದೆ?
– ಓದುಗರು, ಮುಲುಂಡ್, ಮುಂಬೈ

ಉತ್ತರ: ನಿಮ್ಮ ಬೇಡಿಕೆ ನ್ಯಾಯವಾದದ್ದೇ ಇರಬಹುದು, ಆದರೆ ಕಾರಣ ಸಡಿಲವಾಗಿದೆ. ಇನ್ನೊಬ್ಬರನ್ನು ಒಪ್ಪಿಸುವ ಮಾತಿಗೆ ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರ, ಐದು ಅವಯವಗಳನ್ನು (ಅಂಗಗಳನ್ನು) ಹೇಳುತ್ತದೆ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಉದಾಹರಣೆಯನ್ನು ನಮ್ಮ ವಿಷಯಕ್ಕೆ ಹೊಂದಿಸುವುದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ.

ಈಗ ನಿಮ್ಮ ಹೇತು ನೋಡಿ. ‘ಗೋಡೆ ಒದ್ದೆ, ಆದ್ದರಿಂದ ಟೆರೇಸ್ ಸೋರುತ್ತಿದೆ.’ ಟೆರೇಸ್ ಗಟ್ಟಿಯಾಗಿದ್ದು ನಿಮ್ಮ ಬಚ್ಚಲಿನ ಪೈಪ್ ಸೋರಿದರೂ ಗೋಡೆ ಒದ್ದೆಯಾಗುತ್ತದೆ. ಹೀಗೆ ಎರಡೂ ಕಡೆ ಹೊಂದುವ ಕಾರಣವನ್ನು ನೈಯಾಯಿಕರು, ಅಂದರೆ ಈ ಶಾಸ್ತ್ರದವರು, ಸವ್ಯಭಿಚಾರ ಎನ್ನುತ್ತಾರೆ. ಸೊಸೈಟಿಯಲ್ಲಿ ಇದು ನೇರವಾಗಿ ದುಡ್ಡಿನ ವಿಷಯ: ಹೌಸಿಂಗ್ ಸೊಸೈಟಿಗಳಿಗಾಗಿ ಇರುವ ಮಹಾರಾಷ್ಟ್ರದ ಮಾದರಿ ಉಪವಿಧಿಗಳ (ಬೈಲಾ) ಪ್ರಕಾರ ಮಳೆನೀರಿನ ಸೋರಿಕೆ ಸೊಸೈಟಿಯ ಖರ್ಚು, ಮನೆಯೊಳಗಿನ ಬಚ್ಚಲು, ಸಿಂಕ್‌ಗಳ ಸೋರಿಕೆ ಸದಸ್ಯರ ಖರ್ಚು. ಸಭೆಯಲ್ಲಿ ಒಬ್ಬರಿಗೆ ಈ ಸಂಶಯ ಬಂದರೂ ಸಾಕು, ಫೋಟೊ ಕೆಲಸಕ್ಕೆ ಬರುವುದಿಲ್ಲ.

ಹೇತುವನ್ನು ಬಿಗಿ ಮಾಡಿಕೊಳ್ಳಿ. ಒದ್ದೆ ಯಾವ ತಿಂಗಳಲ್ಲಿ ಕಾಣುತ್ತದೆ, ಬರೆದಿಡಿ. ಏಪ್ರಿಲ್‌ನಲ್ಲೂ ಇದ್ದರೆ ಮೊದಲು ಪ್ಲಂಬರ್‌ನನ್ನು ಕರೆಸಿ, ಸಭೆಗೆ ಹೋಗಬೇಡಿ. ಮಳೆಗಾಲದಲ್ಲಷ್ಟೇ ಇದ್ದರೆ, ಮಳೆ ನಿಂತು ಗೋಡೆ ಒಣಗಿದ ಮೇಲೆ ಕಮಿಟಿಯ ಒಪ್ಪಿಗೆ ಪಡೆದು, ಟೆರೇಸಿನ ನೀರು ಹೋಗುವ ಬಾಯಿ ಮುಚ್ಚಿ, ಕನಿಷ್ಠ 24 ಗಂಟೆ ನೀರು ನಿಲ್ಲಿಸಿ. (ಕಟ್ಟಡ ಹಳೆಯದಾಗಿದ್ದರೆ ಎಂಜಿನಿಯರ್ ಹೂಂ ಅನ್ನುವವರೆಗೆ ಇದನ್ನು ಮಾಡಲೇಬೇಡಿ, ನೀರಿನ ಭಾರ ಸಣ್ಣದಲ್ಲ.) ಮೊದಲೂ ಆಮೇಲೂ ಒದ್ದೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಕಮಿಟಿಯ ಇಬ್ಬರಿಂದ ಸಹಿ ಹಾಕಿಸಿಕೊಳ್ಳಿ.

ಉದಾಹರಣೆ ಸದಸ್ಯರು ಕಣ್ಣಾರೆ ಕಂಡದ್ದಾಗಿರಲಿ: ದುರಸ್ತಿಯಾದ ಮೇಲೆ ಸೋರಿಕೆ ನಿಂತ ಪಕ್ಕದ ವಿಂಗ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಶಾಸ್ತ್ರ ಅಡುಗೆಮನೆಯನ್ನು ಆರಿಸಿದ್ದೂ ಅದಕ್ಕೇ, ಅದನ್ನು ಅಲ್ಲಗಳೆಯುವವರಿಲ್ಲ. ಉಪನಯವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ‘ಆ ವಿಂಗ್‌ನಲ್ಲಿ ಇದ್ದಂಥದೇ ಬಿರುಕು ನಮ್ಮಲ್ಲೂ ಇದೆ’ ಎಂದು ಬಾಯಿಬಿಟ್ಟು ಹೇಳದಿದ್ದರೆ ಕೇಳುವವರು ಎರಡನ್ನೂ ತಾವಾಗಿ ಜೋಡಿಸಿಕೊಳ್ಳುವುದಿಲ್ಲ.

ಇನ್ನೊಂದು ತೊಡಕು ತರ್ಕದ್ದಲ್ಲ. ಒಪ್ಪಿಸುವ ಮಾತಿಗೆ ಅರಿಸ್ಟಾಟಲ್ ಮೂರು ಆಧಾರ ಹೇಳಿದ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವ, ಮಾತಿನೊಳಗಿನ ತರ್ಕ. ಕೊನೆಯ ಮಹಡಿಯವರು ಟೆರೇಸಿನ ಮಾತೆತ್ತಿದರೆ ಸ್ವಾರ್ಥವೆಂದೇ ಜನ ಎಣಿಸುತ್ತಾರೆ. ಅದನ್ನು ನೀವೇ ಮೊದಲು ಹೇಳಿಬಿಡಿ: ‘ಇದರಿಂದ ನನಗೆ ಲಾಭವಿದೆ, ನಿಜ. ಆದರೆ ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ನಷ್ಟ ಎಲ್ಲರದು.’ ಹತ್ತು ನಿಮಿಷ ಬೇಡ, ಮೂರು ಸಾಕು. ಮೊದಲ ವಾಕ್ಯವನ್ನಾದರೂ ಮರಾಠಿಯಲ್ಲಿ ಹೇಳಿ. ‘ಗಳತಿ’ (ಸೋರಿಕೆ) ಅಂದರೆ ಸಾಕು, ಅಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಪ್ರಶ್ನೆ: ಎದುರು ಮಾತಾಡಿದರೆಲ್ಲ ವಿತಂಡವಾದವೇ?
– ಕಾಲೇಜು ವಿದ್ಯಾರ್ಥಿನಿ, ಪುಣೆ

ಉತ್ತರ: ಅಲ್ಲ. ನಿಜ ತಿಳಿಯಲು ಆಡುವುದು ವಾದ. ಹೇಗಾದರೂ ಗೆಲ್ಲಲು ಆಡುವುದು ಜಲ್ಪ. ತನ್ನದೆಂಬ ಪಕ್ಷವನ್ನೇ (ನಿಲುವನ್ನೇ) ಸ್ಥಾಪಿಸದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡ. ಗುರುತು ಹಿಡಿಯಲು ಒಂದೇ ಪ್ರಶ್ನೆ ಕೇಳಮ್ಮ: ‘ಹಾಗಾದರೆ ನಿಮ್ಮ ಪಕ್ಷವೇನು?’